ಗರಸು ಗುಂಡಿಯಿಂದ ಆವಿಯಾಗುವ ಅಂತರ್ಜಲ: ಲೆಕ್ಕ ಹಿಡಿಯೋದು ಹೇಗೆ, ವಾಪಸ್ ಕೊಡೋದು ಎಲ್ಲಿಂದ?

#1 ಹಳ್ಳದ ದಂಡೆ

ಮಂಡ್ಯ ತಾಲ್ಲೂಕು, ವಿಶ್ವೇಶ್ವರಯ್ಯ (ವಿ.ಸಿ.) ನಾಲೆ ಅಚ್ಚುಕಟ್ಟಿನ ಕೊನೆ ಭಾಗ. ಹಳ್ಳದ ಪಕ್ಕದ ಪಟ್ಟಾ ಜಮೀನಿನಲ್ಲಿ ಗರಸು ಮತ್ತು ದಪ್ಪ ಮರಳು ತೆಗೆದಿರುವ ಗುಂಡಿ. ನೀರಿನ ಹರವು 2 ಎಕರೆ 20 ಗುಂಟೆ. ನೀರಿನ ಆಳ ಸರಾಸರಿ 4 ಮೀಟರ್. ದಡದಿಂದ ನೀರಿಗೆ ಸುಮಾರು 2 ಮೀಟರ್ ಇಳಿಯಬೇಕು. ಬೇಸಿಗೆಯಲ್ಲೂ ಬತ್ತಲ್ಲ. ಈಗ ಪಕ್ಕದ 3 ಎಕರೆಗೂ ವಿಸ್ತರಿಸಲು ಅರ್ಜಿ ಬಂದಿದೆ.

ಪಂಚಾಯಿತಿಯಲ್ಲಿ ಎರಡು ವಾದ ನಡೀತಿದೆ. "ನೀರು ನಿಂತರೆ ಕೆರೆ ಇದ್ದಂಗೆ, ಊರಿಗೆ ಒಳ್ಳೇದು" ಅನ್ನೋರು ಒಂದು ಕಡೆ. "ಸುತ್ತಲ ಬಾವಿ ನೀರು ಅಲ್ಲಿ ಬಂದು ಬಿಸಿಲಿಗೆ ಹೋಗ್ತಿದೆ" ಅನ್ನೋರು ಇನ್ನೊಂದು ಕಡೆ. ಎರಡನೇದು ನಿಜವಾದರೆ ವರ್ಷಕ್ಕೆ ಎಷ್ಟು ನೀರು, ಅದನ್ನ ತುಂಬಿಕೊಡೋ ದಾರಿ ಏನು, ಅರ್ಜಿಗೆ ಯಾವ ಷರತ್ತು ಹಾಕಿಸಬೇಕು? ಅಂಕಿ ಸಮೇತ ಬೇಕು.

#2 ಕಲ್ಲುಪದರ

ಲೆಕ್ಕಕ್ಕೆ ಕೂರುವ ಮೊದಲು ಒಂದು ವಿಷಯ ಇತ್ಯರ್ಥವಾಗಬೇಕು. ಗುಂಡಿಯಲ್ಲಿರೋದು ಅಂತರ್ಜಲವೋ ಅಥವಾ ನಿಂತ ಮಳೆನೀರೋ? ಮಂಡ್ಯ ಸುತ್ತ ಕೆಳಗಿರೋದು ನೈಸ್ (ಪಟ್ಟೆಪಟ್ಟೆ ಗಟ್ಟಿ ಬಂಡೆ) ಮತ್ತು ಗ್ರಾನೈಟ್. ಗಟ್ಟಿ ಬಂಡೆಯಲ್ಲಿ ಕೊರೆದ ಕಲ್ಲು ಕ್ವಾರಿಯಲ್ಲಿ ಬಿರುಕು ಇಲ್ಲದಿದ್ದರೆ ಮಳೆನೀರು ಬಾಂಡ್ಲಿಯಲ್ಲಿ ನಿಂತ ಹಾಗೆ ನಿಲ್ಲುತ್ತೆ, ಅದರ ಆವಿಗೂ ನೆರೆಯ ಬಾವಿಗೂ ಸಂಬಂಧ ಇರಲ್ಲ. ಹಳ್ಳದ ಪಕ್ಕದ ಗರಸು ಗುಂಡಿ ಹಾಗಲ್ಲ. ಅದು ನೀರಿನ ಪದರಕ್ಕೇ ತೆಗೆದ ಕಿಟಕಿ.

ಖಚಿತ ಮಾಡಿಕೊಳ್ಳಲು ಮೂರು ಪರೀಕ್ಷೆ ಮಾಡಿ.

ಒಂದು, ಮಟ್ಟ. ಗುಂಡಿಯಿಂದ 100–200 ಮೀಟರ್ ಒಳಗೆ ಮೂರು ತೆರೆದ ಬಾವಿ ಆರಿಸಿ: ಮೇಲ್ಗಡೆ ಒಂದು, ಕೆಳಗಡೆ ಒಂದು, ಪಕ್ಕದಲ್ಲಿ ಒಂದು. ಮೋಟಾರ್ 12 ಗಂಟೆ ನಿಲ್ಲಿಸಿ ನೀರಿನ ಮಟ್ಟ ತಗೊಳ್ಳಿ. ಸರ್ವೆಯವರ ಆಟೋ ಲೆವೆಲ್ (ಎತ್ತರ ಅಳೆಯುವ ದುರ್ಬೀನು) ಇಟ್ಟು ಮೂರು ಬಾವಿ ಕಟ್ಟೆ ಮತ್ತು ಗುಂಡಿಯ ನೀರಿನ ಎತ್ತರವನ್ನು ಒಂದೇ ಗುರುತಿನಿಂದ ಅಳೆಯಿರಿ. ಗುಂಡಿಯ ಮಟ್ಟ ಮೇಲಿನ ಬಾವಿಗಿಂತ ತಗ್ಗಾಗಿ, ಕೆಳಗಿನ ಬಾವಿಗಿಂತ ಎತ್ತರವಾಗಿದ್ದರೆ ಅದು ಅಂತರ್ಜಲದ ಸಾಲಿನಲ್ಲೇ ಇದೆ. ಆಳದ ಬೋರ್‌ವೆಲ್ ಮಟ್ಟ ಇದಕ್ಕೆ ಬಳಸಬೇಡಿ. 150 ಮೀಟರ್ ಕೆಳಗಿನ ಬಿರುಕಿನ ಒತ್ತಡವೇ ಬೇರೆ, ಮೇಲಿನ ಪದರದ ಮಟ್ಟವೇ ಬೇರೆ.

ಎರಡು, ಉಪ್ಪು. ನೀರಲ್ಲಿ ಕರಗಿದ ಉಪ್ಪು ತೋರಿಸುವ ಜೇಬಿನ ಟಿಡಿಎಸ್ ಮೀಟರ್ ಸಾಕು. ಮಳೆನೀರಷ್ಟೇ ನಿಂತಿದ್ದರೆ ಓದು ತೀರಾ ಕಡಿಮೆ ಇರುತ್ತೆ. ಬಾವಿಯ ಓದಿನ ಹತ್ತಿರವಿದ್ದು, ಜನವರಿಯಿಂದ ಮೇವರೆಗೆ ತಿಂಗಳು ತಿಂಗಳು ಏರುತ್ತಾ ಹೋದರೆ ಬಾವಿ ನೀರು ಒಳಗೆ ಬಂದು, ನೀರು ಆವಿಯಾಗಿ, ಉಪ್ಪು ಉಳೀತಿದೆ ಅಂತ ಅರ್ಥ.

ಮೂರು, ಬಿಸಿಲಲ್ಲಿ ಮಟ್ಟ ಇಳಿಯುವ ರೀತಿ. ಏಪ್ರಿಲ್‌ನಲ್ಲಿ ಮಳೆ ಇಲ್ಲದ 10 ದಿನ ಗುಂಡಿಯ ಅಳತೆ ಪಟ್ಟಿ ಓದಿ. ಆ 10 ದಿನದಲ್ಲಿ ಆವಿ ಅಂದಾಜು 55 ಮಿ.ಮೀ. ಹೋಗಬೇಕು. ಮಟ್ಟ 15 ಮಿ.ಮೀ. ಮಾತ್ರ ಇಳಿದಿದ್ದರೆ ಉಳಿದ 40 ಮಿ.ಮೀ. ಒಳಗಿಂದ ಬಂದಿದೆ. "ಬತ್ತದ ಗುಂಡಿ" ಅಂತ ಹೆಮ್ಮೆಯಿಂದ ಹೇಳೋದು ಇದನ್ನೇ. ಬತ್ತದೇ ಇರೋದಕ್ಕೆ ಬೆಲೆ ಕೊಡ್ತಿರೋದು ಸುತ್ತಲ ಬಾವಿಗಳು.

#3 ಮಿಲಿಮೀಟರ್

ಲೆಕ್ಕ ನಾನು ಹಾಕ್ತೀನಿ. ಎರಡು ಸಂಖ್ಯೆ ಬಾಯಿಪಾಠ ಇಟ್ಕೊಳ್ಳಿ: 1 ಎಕರೆ ಅಂದರೆ 4,047 ಚದರ ಮೀಟರ್, ಅದರ ಮೇಲೆ 1 ಮಿ.ಮೀ. ನೀರು ಅಂದರೆ 4,047 ಲೀಟರ್. ನಿಮ್ಮ 2 ಎಕರೆ 20 ಗುಂಟೆಗೆ 1 ಮಿ.ಮೀ. ಅಂದರೆ 10,117 ಲೀಟರ್.

ಆವಿಯ ಅಂಕಿಗೆ ಮಂಡ್ಯದ ವಿ.ಸಿ. ಫಾರಂ ಕೃಷಿ ಸಂಶೋಧನಾ ಕೇಂದ್ರದ ಹವಾಮಾನ ವೀಕ್ಷಣಾಲಯದ ತಿಂಗಳವಾರು ಪ್ಯಾನ್ (ಆವಿ ಅಳೆಯಲು ನೀರು ತುಂಬಿಟ್ಟ ಅಗಲ ಪಾತ್ರೆ) ಓದು ಕೇಳಿ ಪಡೆಯಿರಿ, ಕನಿಷ್ಠ 10 ವರ್ಷದ ಸರಾಸರಿ. ಯಾವ ಪ್ಯಾನ್ ಅಂತ ಕೇಳೋದು ಮರೀಬೇಡಿ. ಬಲೆ ಮುಚ್ಚಿದ ಭಾರತೀಯ ಮಾನಕದ ತಾಮ್ರದ ಪ್ಯಾನ್ ಆದರೆ ಓದನ್ನು 0.8ರಿಂದ ಗುಣಿಸಬೇಕು, ತೆರೆದ 'ಕ್ಲಾಸ್ ಎ' ಪ್ಯಾನ್ ಆದರೆ 0.7ರಿಂದ. ಪ್ಯಾನಿನ ಲೋಹದ ಗೋಡೆ ಬಿಸಿಲಿಗೆ ಕಾಯುತ್ತೆ, ಅದಕ್ಕೇ ಅದರಲ್ಲಿ ಹೊಂಡಕ್ಕಿಂತ ಹೆಚ್ಚು ಆವಿ. ಗುಣಿಸದೇ ನೇರ ಹಾಕಿದರೆ ಎದುರು ಪಾರ್ಟಿ ಮೊದಲ ಸಭೆಯಲ್ಲೇ ಲೆಕ್ಕ ಹರಿದು ಹಾಕ್ತಾರೆ.

ಕೆಳಗಿನದು ವಿಧಾನ ತೋರಿಸಲು ಹಿಡಿದ ಅಂಕಿ, ನಿಮ್ಮ ಓದು ಬಂದಮೇಲೆ ಬದಲಿಸಿ. ತೆರೆದ ನೀರಿನ ಆವಿ, ಮಿ.ಮೀ.ಗಳಲ್ಲಿ: ಜನವರಿ 115, ಫೆಬ್ರವರಿ 130, ಮಾರ್ಚ್ 170, ಏಪ್ರಿಲ್ 165, ಮೇ 150, ಜೂನ್ 120, ಜುಲೈ 110, ಆಗಸ್ಟ್ 115, ಸೆಪ್ಟೆಂಬರ್ 110, ಅಕ್ಟೋಬರ್ 110, ನವೆಂಬರ್ 100, ಡಿಸೆಂಬರ್ 105. ಒಟ್ಟು 1,500. ಮಳೆ ವರ್ಷಕ್ಕೆ 700 ಅಂತ ಹಿಡಿಯೋಣ.

ಇದರಲ್ಲಿ ಜನವರಿಯಿಂದ ಏಪ್ರಿಲ್‌ವರೆಗೆ ಮಾತ್ರ 580 ಮಿ.ಮೀ. ಆ ನಾಲ್ಕು ತಿಂಗಳು ಮಳೆ ನೆಪಕ್ಕೆ. ಮಾರ್ಚ್ ತಿಂಗಳಲ್ಲಿ ನಿಮ್ಮ ಗುಂಡಿಯಿಂದ ದಿನಕ್ಕೆ 50,000 ಲೀಟರ್‌ಗೂ ಮೀರಿ ಹೋಗುತ್ತೆ. 6,000 ಲೀಟರ್ ಟ್ಯಾಂಕರ್ ದಿನಾ ಒಂಬತ್ತು ಸಲ ತುಂಬಿಸಿ ರಸ್ತೆ ಮೇಲೆ ಚೆಲ್ಲಿದ ಹಾಗೆ. ಟ್ಯಾಂಕರ್ ಆದರೆ ಊರೆಲ್ಲಾ ಜಗಳಕ್ಕೆ ನಿಲ್ಲುತ್ತಿತ್ತು. ಆವಿ ಕಣ್ಣಿಗೆ ಕಾಣಲ್ಲ, ಮೀಟರ್‌ನಲ್ಲೂ ಹಾಯಲ್ಲ.

#4 ಜಲ್ಲಿ ಯೂನಿಟ್

ಕ್ವಾರಿ ಕಡೆಯಿಂದ ಒಂದು ಪ್ರಶ್ನೆ ಸರ್. 1,500 ಆವಿ, 700 ಮಳೆ. ಗುಂಡಿ ಮೇಲೆ ಬಿದ್ದ ಮಳೆ ಪೂರ್ತಿ ಗುಂಡಿಗೇ ಬೀಳುತ್ತೆ. ಹಾಗಾದರೆ ನಷ್ಟ 800 ಅಲ್ಲವಾ? ಪೂರ್ತಿ ಮಳೆ ಜಮಾ ಕೊಡಬೇಕು ತಾನೇ?

#5 ಮಿಲಿಮೀಟರ್

ಕೇಳಲೇಬೇಕಾದ ಪ್ರಶ್ನೆ. ಇಲ್ಲಿ ಎಡವೋರೇ ಹೆಚ್ಚು.

ಗುಂಡಿ ತೋಡುವ ಮೊದಲೂ ಆ ಜಮೀನಿನ ಮೇಲೆ 700 ಮಿ.ಮೀ. ಮಳೆ ಬೀಳ್ತಿತ್ತು. ಅದರಲ್ಲಿ ಬಹುಪಾಲು ಬೆಳೆ, ಹುಲ್ಲು, ಮಣ್ಣಿನಿಂದ ಆವಿಯಾಗ್ತಿತ್ತು. ಒಂದು ಪಾಲು ಇಂಗಿ ಅಂತರ್ಜಲ ಸೇರ್ತಿತ್ತು. ಜೇಡಿ ಕಡಿಮೆ ಇರುವ ಶಿಥಿಲ ಗ್ರಾನೈಟ್, ನೈಸ್ ನೆಲಕ್ಕೆ ಅಂತರ್ಜಲ ಅಂದಾಜು ಸಮಿತಿಯ ಮಾನದಂಡ ಮಳೆಯ 11 ಶೇಕಡಾ, ಅಂದರೆ 77 ಮಿ.ಮೀ. ಇನ್ನೊಂದು ಪಾಲು ಹಳ್ಳಕ್ಕೆ ಹರೀತಿತ್ತು. ಇಂಗಿದ್ದು ಮತ್ತು ಹರಿದದ್ದು ಮೊದಲೇ ಕೆಳಗಿನವರ ನೀರು. ಅದನ್ನು ಗುಂಡಿಯವರು ತಮ್ಮ ಜಮಾ ಅಂತ ಬರೆದುಕೊಂಡರೆ ಬೇರೆಯವರ ಹಣದಲ್ಲಿ ಸಾಲ ತೀರಿಸಿದ ಹಾಗೆ. ಜಮಾ ಸಿಗಬೇಕಾದ್ದು ಮೊದಲು ಗಿಡ, ಮಣ್ಣು ಕುಡಿದು ಆವಿ ಮಾಡ್ತಿದ್ದ ಪಾಲು ಮಾತ್ರ.

ಈ ಲೆಕ್ಕ ದಶಕಗಳಿಂದ ಕಾನೂನಿನಲ್ಲೇ ಇರೋದು ಅಮೆರಿಕದ ಕೊಲೊರಾಡೊ ರಾಜ್ಯದಲ್ಲಿ. 1980ರ ಡಿಸೆಂಬರ್ 31ರ ನಂತರ ಅಂತರ್ಜಲ ತೆರೆದಿಟ್ಟ ಗ್ರಾವೆಲ್ ಗುಂಡಿಗಳೆಲ್ಲ ಆವಿಯ ನಷ್ಟ ತುಂಬಿಕೊಡಬೇಕು. ನೀರಿನ ನ್ಯಾಯಾಲಯದಿಂದ ಖಾಯಂ ಯೋಜನೆ ಮಂಜೂರಾಗಬೇಕು, ಅಲ್ಲಿವರೆಗೆ ರಾಜ್ಯ ಎಂಜಿನಿಯರ್ ಕಚೇರಿಯಿಂದ ತಾತ್ಕಾಲಿಕ ಬದಲಿ ನೀರಿನ ಯೋಜನೆಗೆ ಒಪ್ಪಿಗೆ ಪಡೀಬೇಕು. ಅಲ್ಲಿ ರೂಢಿಯಲ್ಲಿ ಮಳೆಯ 70 ಶೇಕಡಾ ಮಾತ್ರ ಜಮಾ.

ಅದೇ 70 ಇಲ್ಲಿ ಹಾಕಿದರೆ: 700ರಲ್ಲಿ 490 ಜಮಾ. 1,500 ಕಳೆ 490, ಉಳಿದದ್ದು 1,010 ಮಿ.ಮೀ. ನಿಮ್ಮ ಹರವಿಗೆ ವರ್ಷಕ್ಕೆ 10,218 ಘನ ಮೀಟರ್. ಅಂದರೆ 1 ಕೋಟಿ 2 ಲಕ್ಷ ಲೀಟರ್ ಚಿಲ್ಲರೆ. ಎಕರೆಗೆ ಸರಿಸುಮಾರು 40 ಲಕ್ಷ ಲೀಟರ್.

ಇನ್ನೊಂದು ಬಗೆಯಲ್ಲಿ ನೋಡಿ. ಒಂದು ಎಕರೆ ಹೊಲ ವರ್ಷಕ್ಕೆ ಇಂಗಿಸೋದು 77 ಮಿ.ಮೀ. ಒಂದು ಎಕರೆ ತೆರೆದ ಗುಂಡಿ ಕಳೆಯೋದು 1,010. ಹದಿಮೂರು ಎಕರೆ ಹೊಲ ವರ್ಷವಿಡೀ ಇಂಗಿಸಿದ್ದನ್ನು ಒಂದು ಎಕರೆ ಗುಂಡಿ ನುಂಗುತ್ತೆ.

#6 ಕಲ್ಲುಪದರ

ಲೆಕ್ಕವನ್ನು ತಿಂಗಳವಾರು ಇಡಿ, ವರ್ಷದ ಮೊತ್ತ ಮಾತ್ರ ಸಾಲದು. ನಮ್ಮ ಕಡೆ ಮಳೆ ಮೇನಲ್ಲಿ ಒಮ್ಮೆ, ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಇನ್ನೊಮ್ಮೆ ಜೋರು. ಅಕ್ಟೋಬರ್‌ನಲ್ಲಿ 160 ಮಿ.ಮೀ. ಬಂದರೆ ಜಮಾ 112, ಆವಿ 110, ಆ ತಿಂಗಳ ನಷ್ಟ ಸೊನ್ನೆ. ಉಳಿದ 2 ಮಿ.ಮೀ.ಯನ್ನು ಮಾರ್ಚ್‌ಗೆ ಸಾಗಿಸೋಕೆ ಬಿಡಬೇಡಿ. ಅಕ್ಟೋಬರ್‌ನ ಹೆಚ್ಚುವರಿ ಹಳ್ಳದಲ್ಲಿ ಹರಿದು ಹೋಗಿರುತ್ತೆ.

ಗುಂಡಿಯ ಇನ್ನೊಂದು ಪರಿಣಾಮ ಜನ ಗಮನಿಸಲ್ಲ. ಅಂತರ್ಜಲ ಇಳಿಜಾರಾಗಿ ಇರುತ್ತೆ, ಹೊಂಡದ ನೀರು ಮಟ್ಟಸವಾಗಿ ನಿಲ್ಲುತ್ತೆ. ಇಳಿಜಾರು 100ಕ್ಕೆ 1 ಇದ್ದು, ಗುಂಡಿ ಆ ದಿಕ್ಕಿಗೆ 120 ಮೀಟರ್ ಉದ್ದ ಇದ್ದರೆ, ಮೇಲಿನ ಅಂಚಿನಲ್ಲಿ ನೀರು 60 ಸೆಂ.ಮೀ. ಕುಸಿಯುತ್ತೆ, ಕೆಳ ಅಂಚಿನಲ್ಲಿ ಅಷ್ಟೇ ಏರುತ್ತೆ. ಇದು ಆವಿಯ ನಷ್ಟಕ್ಕೆ ಮೇಲೆ ಸೇರಿದ್ದು. ಮೇಲ್ಗಡೆಯ ತೆರೆದ ಬಾವಿಯವರು "ನಮ್ಮದು ಮೊದಲು ಒಣಗ್ತು" ಅಂತ ದೂರಿದರೆ ಹಗುರವಾಗಿ ತಗೋಬೇಡಿ, ಕಾರಣ ಇದೆ. ವಿಸ್ತರಣೆಯ 3 ಎಕರೆಯನ್ನು ಇಳಿಜಾರಿಗೆ ಅಡ್ಡವಾಗಿ, ಉದ್ದ ಕಡಿಮೆ ಇರುವಂತೆ ಗುರುತು ಮಾಡಿಸಿದರೆ ಈ ತೊಂದರೆ ಅರ್ಧಕ್ಕೆ ಇಳಿಯುತ್ತೆ.

#7 ಜಲ್ಲಿ ಯೂನಿಟ್

ಆಳ ಕಡಿಮೆ ಮಾಡಿಸಿ ಅಂತ ಪಂಚಾಯಿತಿಯವರು ಕೇಳ್ತಿದ್ದಾರೆ. ಅದರಿಂದ ಪ್ರಯೋಜನ ಇದೆಯಾ?

#8 ಮಿಲಿಮೀಟರ್

ಆವಿಗೆ ಇಲ್ಲ ಅಣ್ಣ. ಆವಿ ಹೋಗೋದು ಹರವಿನಿಂದ, ಆಳದಿಂದ ಅಲ್ಲ. ಅದೇ ಗರಸು ಬೇಕಾದರೆ 3 ಎಕರೆ 4 ಮೀಟರ್ ಆಳಕ್ಕಿಂತ 2 ಎಕರೆ 6 ಮೀಟರ್ ಆಳ ತೆಗೆಯೋದು ನೀರಿಗೆ ವಾಸಿ. ದಡದ ಇಳಿಜಾರು ಸುರಕ್ಷಿತವಾಗಿರಬೇಕು, ಕೆಳಗೆ ಅಷ್ಟು ಗರಸು ಇರಬೇಕು, ಅದು ಬೇರೆ ಮಾತು. ಷರತ್ತು ಹಾಕುವಾಗ ಆಳದ ಮಿತಿಗಿಂತ ಮೊದಲು "ಒಂದು ಸಲಕ್ಕೆ ತೆರೆದ ನೀರಿನ ಹರವು 1 ಎಕರೆ ಮೀರಬಾರದು" ಅಂತ ಬರೆಸಿ. ಅಗೀತಾ ಮುಂದೆ ಹೋದ ಹಾಗೆ ಹಿಂದೆ ಮುಚ್ಚುತ್ತಾ ಬರಬೇಕು.

ಕ್ವಾರಿ ಲೆಕ್ಕಕ್ಕೆ ಇನ್ನೆರಡು ಬಾಬ್ತು ಸೇರಿಸಿ. ನೀರಿನಡಿಯಿಂದ ತೆಗೆದು ತೊಳೆದ ಜಲ್ಲಿ ಒದ್ದೆಯಾಗೇ ಲೋಡ್ ಆಗುತ್ತೆ. ಕೊಲೊರಾಡೊದಲ್ಲಿ ಅದಕ್ಕೆ ತೂಕದ 4 ಶೇಕಡಾ ನೀರು ಹಿಡೀತಾರೆ, ಮೊದಲೇ ನೀರು ಬಸಿದು ಒಣಗಿಸಿ ತೆಗೆದರೆ 2. ಅಂದರೆ 100 ಟನ್‌ಗೆ 4,000 ಲೀಟರ್ ಲಾರಿ ಹತ್ತಿ ಹೋಯಿತು. ಜೊತೆಗೆ ರಸ್ತೆ ಧೂಳಿಗೆ ಹೊಡೆಯುವ ಟ್ಯಾಂಕರ್ ನೀರು ಪೂರ್ತಿ ನಷ್ಟ. ಆ ಟ್ಯಾಂಕರ್‌ಗೆ ಲಾಗ್ ಬುಕ್ ಇಡಿಸಿ.

#9 ಕಬ್ಬಿನ ಗದ್ದೆ

ಗುಂಡಿ ಮುಚ್ಚೋದು ಅಂದರೆ ಎಷ್ಟು ಮಣ್ಣು? ಊರಲ್ಲಿ ಕೆಲವರು ಕಸ ತುಂಬಿಸೋಣ ಅಂತಾರೆ.

#10 ಕಲ್ಲುಪದರ

ಕಸ ಮಾತ್ರ ಬೇಡವೇ ಬೇಡ ಗೌಡ್ರೇ. ಗುಂಡಿಯ ನೀರು ಅಂದರೆ ಸುತ್ತಲ ಬಾವಿ ನೀರು. ಹೊಲದ ಮೇಲೆ ಸುರಿದ ಕೊಳಕಿಗೆ ಕೆಲವು ಮೀಟರ್ ಮಣ್ಣಿನ ಸೋಸು ಸಿಗುತ್ತೆ, ಗುಂಡಿಗೆ ಸುರಿದರೆ ನೇರ ಕುಡಿಯುವ ನೀರಿಗೆ. ಎಸ್‌ಟಿಪಿ (ಚರಂಡಿ ನೀರು ಶುದ್ಧ ಮಾಡುವ ಘಟಕ) ನೀರು, ಸಕ್ಕರೆ ಕಾರ್ಖಾನೆಯ ನೀರು, ಕಟ್ಟಡದ ಅವಶೇಷದ ಜೊತೆ ಬರೋ ಬಣ್ಣದ ಡಬ್ಬ, ಪ್ಲಾಸ್ಟಿಕ್, ಯಾವುದೂ ಬೇಡ.

ಪ್ರಮಾಣ: 1 ಎಕರೆ 20 ಗುಂಟೆ ಮುಚ್ಚಿ 1 ಎಕರೆ ಉಳಿಸ್ತೀರಿ ಅಂದುಕೊಳ್ಳಿ. 6,070 ಚದರ ಮೀಟರ್, 4 ಮೀಟರ್ ನೀರು, ಮೇಲೆ 2 ಮೀಟರ್. ಒಟ್ಟು 36,420 ಘನ ಮೀಟರ್, ನಮ್ಮ ಮಾತಲ್ಲಿ 12,870 ಯೂನಿಟ್ ಹತ್ತಿರ (100 ಘನ ಅಡಿಗೆ ಒಂದು ಯೂನಿಟ್). ಕುಸಿತಕ್ಕೆ 10–15 ಶೇಕಡಾ ಹೆಚ್ಚು ಹಿಡಿಯಿರಿ. ಅದಕ್ಕೇ ಮೇಲ್ಮಣ್ಣನ್ನು ಮೊದಲ ದಿನದಿಂದಲೇ ಬೇರೆ ರಾಶಿ ಹಾಕಿಸಬೇಕು. ಗುತ್ತಿಗೆ ಮುಗಿದಮೇಲೆ ಹುಡುಕಿದರೆ ಅಷ್ಟು ಮಣ್ಣು ಯಾರ ಹೊಲದಿಂದ ತರ್ತೀರಿ?

ಮುಚ್ಚುವಾಗ ಆಗುವ ತಪ್ಪುಗಳನ್ನು ಸ್ವಲ್ಪ ವಿವರವಾಗಿ ಹೇಳ್ತೀನಿ, ಹಣ ಹಾಳಾಗೋದು ಇಲ್ಲೇ.

ನೀರಿನ ಮಟ್ಟಕ್ಕೆ ಸರಿಯಾಗಿ ಮುಚ್ಚಿ ನಿಲ್ಲಿಸಿದರೆ ಆವಿ ನಿಲ್ಲಲ್ಲ. ಸಣ್ಣ ಕಣದ ಮಣ್ಣು ಬತ್ತಿಯ ಹಾಗೆ ನೀರನ್ನು ಮೇಲಕ್ಕೆ ಎಳೆಯುತ್ತೆ. ನೆಲ ಸದಾ ಒದ್ದೆ, ಮೇಲೆ ಬಿಳಿ ಉಪ್ಪಿನ ಪದರ, ಎರಡು ವರ್ಷಕ್ಕೆ ಚೌಳು. ಮಳೆಗಾಲದ ಅತಿ ಎತ್ತರದ ಮಟ್ಟಕ್ಕಿಂತ ಕನಿಷ್ಠ 1.5 ಮೀಟರ್, ಜೇಡಿ ಹೆಚ್ಚಿದ್ದರೆ 2 ಮೀಟರ್ ಮೇಲಕ್ಕೆ ತರಬೇಕು. ನೀರಿನ ಮಟ್ಟದ ಸ್ವಲ್ಪ ಮೇಲೆ 30 ಸೆಂ.ಮೀ. ದಪ್ಪದ ಗರಸಿನ ಪದರ ಹಾಕಿದರೆ ಬತ್ತಿ ಅಲ್ಲಿಗೆ ಕಡಿದು ಹೋಗುತ್ತೆ.

ಪೂರ್ತಿ ಜೇಡಿಮಣ್ಣು ಅಥವಾ ಕ್ರಷರ್‌ನ ಸ್ಲರಿ ತುಂಬಿದರೆ ಭೂಮಿಯೊಳಗೆ ಅಣೆಕಟ್ಟು ಕಟ್ಟಿದ ಹಾಗೆ. ಮೇಲ್ಗಡೆ ಹೊಲ ಜೌಗು, ಕೆಳಗಡೆ ಬಾವಿ ಖಾಲಿ. ಎರಡು ಬದಿಗೆ 3 ಮೀಟರ್ ಅಗಲ ಬೋಲ್ಡರ್, ದಪ್ಪ ಜಲ್ಲಿ ತುಂಬಿ ನೀರು ಹಾಯಲು ದಾರಿ ಬಿಡಿ.

ಮುಚ್ಚಿದ ಜಾಗದಲ್ಲಿ, ಉಳಿದ ಹೊಂಡದ ಅಂಚಲ್ಲಿ ಜೊಂಡು ಬೆಳೆಯಲು ಬಿಡಬೇಡಿ, ನೀಲಗಿರಿ ನೆಡಬೇಡಿ. ನೀರಲ್ಲಿ ಬೇರಿಟ್ಟ ಜೊಂಡು ಮತ್ತು ಅಂತರಗಂಗೆ ಬರಿಯ ನೀರಿಗಿಂತ ಹೆಚ್ಚು ಎಳೆಯುತ್ತೆ. ಹಸಿರು ಕಂಡ ಮಾತ್ರಕ್ಕೆ ಪುನಶ್ಚೇತನ ಅಂತ ಫೋಟೋ ಹಾಕ್ತಾರೆ, ಲೆಕ್ಕದಲ್ಲಿ ಅದು ಖರ್ಚು.

#11 ಹಳ್ಳದ ದಂಡೆ

ಮುಚ್ಚಿದಮೇಲೂ 1 ಎಕರೆ ಉಳಿಯುತ್ತೆ. ಅದರ 40 ಲಕ್ಷ ಲೀಟರ್ ತುಂಬಿಕೊಡೋಕೆ ಇಂಗುಗುಂಡಿ, ಚೆಕ್ ಡ್ಯಾಂ ಕಟ್ಟಿಸಿ ಕೊಡ್ತೀವಿ ಅಂತ ಗುತ್ತಿಗೆದಾರರ ಕಡೆಯವರು ಹೇಳ್ತಿದ್ದಾರೆ. ಒಪ್ಪಬಹುದಾ?

#12 ನೀರುಗಂಟಿ

ಎಲ್ಲಿಯ ನೀರು ಇಂಗಿಸ್ತಾರೆ ಅಂತ ಮೊದಲು ಕೇಳಿ. ಮಳೆಯ 10 ಶೇಕಡಾ ಹರಿದು ಹೋಗುತ್ತೆ ಅಂತ ಹಿಡಿದರೆ 70 ಮಿ.ಮೀ. 40 ಲಕ್ಷ ಲೀಟರ್ ಹಿಡಿಯಲು 14 ಎಕರೆಯ ಹರಿವು ಪೂರ್ತಿ ಬೇಕು, ಇಡೀ ಗುಂಡಿಗಾದರೆ 36 ಎಕರೆ. ಆ ಹರಿವು ಈಗ ಎಲ್ಲಿಗೆ ಹೋಗ್ತಿದೆ? ಕೆಳಗಿನ ಕೆರೆಗೆ. ಅದನ್ನು ಮೇಲೆ ತಡೆದು ಇಂಗಿಸಿ "ಕೊಟ್ವಿ" ಅಂದರೆ ಹೊಸ ನೀರು ಒಂದು ಹನಿಯೂ ಬಂದಿಲ್ಲ, ಕೆರೆಯ ಪಾಲು ಜಾಗ ಬದಲಿಸಿತು ಅಷ್ಟೆ. ಕೆರೆ ಕೋಡಿ ಬಿದ್ದು ಹಳ್ಳಕ್ಕೆ ಹೋಗುವ ದಿನಗಳ ನೀರಿಗೆ ಮಾತ್ರ ಜಮಾ ಕೊಡಿ. ಕೋಡಿ ಬಿದ್ದ ತಾರೀಖು ಬರೆದಿಡಿ.

ನಾಲೆ ನೀರು ಅನ್ನೋರಿಗೂ ಇದೇ ಉತ್ತರ. ಕಟ್ಟು ಪದ್ಧತಿಯಲ್ಲಿ (ಸರದಿ ಪ್ರಕಾರ) ಬರೋ ನೀರು ಅಚ್ಚುಕಟ್ಟಿನ ರೈತರ ಪಾಲು. ಕೊನೆ ಭಾಗಕ್ಕೆ ಅದೇ ಸರಿಯಾಗಿ ತಲುಪಲ್ಲ. ತೂಬಿಂದ ಪೈಪ್ ಹಾಕಿ ಗುಂಡಿಗೆ ಬಿಟ್ಟುಕೊಂಡರೆ ಅದು ಅಕ್ರಮ, ಬದಲಿ ನೀರಲ್ಲ.

#13 ಮಿಲಿಮೀಟರ್

ಇಂಗುಗುಂಡಿಯ ಸಾಮರ್ಥ್ಯವನ್ನೂ ಕಾಗದದ ಮೇಲೆ ನಂಬಬೇಡಿ. ಅರ್ಧ ಎಕರೆಯ ಇಂಗುಕೆರೆ, ದಿನಕ್ಕೆ 50 ಮಿ.ಮೀ. ಇಂಗಿದರೆ ದಿನಕ್ಕೆ 1 ಲಕ್ಷ ಲೀಟರ್. ನೀರಿದ್ದರೆ 40 ದಿನದಲ್ಲಿ 40 ಲಕ್ಷ. ಕೇಳೋಕೆ ಚೆನ್ನ. ಆದರೆ ಮೊದಲ ಮಳೆಯ ಕೆಂಪು ನೀರು ತಳಕ್ಕೆ ಹೂಳಿನ ಕೆನೆ ಕಟ್ಟಿತು ಅಂದರೆ 50 ಇದ್ದದ್ದು 10ಕ್ಕೆ ಬೀಳುತ್ತೆ. ಕೆರೆಗಳ ಇಂಗುವಿಕೆಗೆ ಅಂದಾಜು ಸಮಿತಿ ಹಿಡಿಯೋದು ದಿನಕ್ಕೆ 1.4 ಮಿ.ಮೀ. ಮಾತ್ರ, ಕಾರಣ ಇದೇ ಹೂಳು.

ಆದ್ದರಿಂದ ಇಂಗುಕೆರೆಗೆ ಮುಂಚೆ ಹೂಳು ತಂಗುವ ತೊಟ್ಟಿ ಬೇಕು. ನಿಧಾನ ಹರಿವು, ಉದ್ದ ಅಗಲಕ್ಕಿಂತ ಮೂರ್ನಾಲ್ಕು ಪಟ್ಟು, ಹೊರಹೋಗುವ ಬಾಯಿ ಮೇಲ್ಮಟ್ಟದಲ್ಲಿ. ಪ್ರತಿ ಏಪ್ರಿಲ್ ತಳ ಒಣಗಿ ಬಿರುಕು ಬಿಟ್ಟಾಗ ಮೇಲಿನ 5 ಸೆಂ.ಮೀ. ಕೆರೆದು ಹೊರಹಾಕಬೇಕು. ಒದ್ದೆ ಇರುವಾಗ ಜೆಸಿಬಿ ಇಳಿಸಿದರೆ ಚಕ್ರ ಹೂಳನ್ನು ಇನ್ನೂ ಒಳಕ್ಕೆ ಒತ್ತುತ್ತೆ, ಕೆಲಸ ಕೆಡುತ್ತೆ. ಜಮಾ ಕೊಡೋದು ಅಳೆದದ್ದಕ್ಕೆ ಮಾತ್ರ: ಪಟ್ಟಿಯಲ್ಲಿ ಇಳಿದ ಮಟ್ಟದಿಂದ ಆ ದಿನದ ಆವಿ ಕಳೆದು ಉಳಿದದ್ದು.

#14 ಕಬ್ಬಿನ ಗದ್ದೆ

ಹಾಗಾದರೆ ನಿಜವಾದ ಬದಲಿ ನೀರು ಎಲ್ಲಿಂದ ಬರಬೇಕು? ಗುತ್ತಿಗೆದಾರರು ಸುತ್ತಲ ರೈತರಿಗೆ ಡ್ರಿಪ್ ಹಾಕಿಸಿ ಕೊಟ್ಟರೆ?

#15 ನೀರುಗಂಟಿ

ಡ್ರಿಪ್ ಒಳ್ಳೇದು ಗೌಡ್ರೇ, ಆದರೆ ಈ ಲೆಕ್ಕಕ್ಕೆ ಬರೋದು ಸ್ವಲ್ಪ. ಹಾಯಿ ನೀರಲ್ಲಿ ಕಬ್ಬಿಗೆ ಹೆಚ್ಚು ಬಿಟ್ಟರೆ ಹೆಚ್ಚಾದದ್ದರಲ್ಲಿ ಬಹಳಷ್ಟು ಮತ್ತೆ ಇಂಗಿ ಅದೇ ಬಾವಿಗೆ ಬರುತ್ತೆ. ಡ್ರಿಪ್ ಉಳಿಸೋದು ಮುಖ್ಯವಾಗಿ ಆ ತಿರುಗಿ ಬರೋ ನೀರನ್ನ ಮತ್ತು ಮೋಟಾರ್ ಓಡೋ ಗಂಟೆಯನ್ನ. ಕಬ್ಬು ತಾನು ಕುಡಿಯೋದನ್ನ ಕುಡಿದೇ ಕುಡಿಯುತ್ತೆ. ಎಷ್ಟೋ ಕಡೆ ಉಳಿದ ನೀರಲ್ಲಿ ಇನ್ನೊಂದು ಎಕರೆ ಕಬ್ಬು ಹಾಕ್ತಾರೆ, ಆಗ ಒಟ್ಟು ಖರ್ಚು ಏರುತ್ತೆ.

ನಿಜವಾದ ಬದಲಿ ಅಂದರೆ ಆವಿಯನ್ನೇ ಎಲ್ಲಾದರೂ ನಿಲ್ಲಿಸಬೇಕು. ಬೋರ್ ನೀರಿನ ಕಬ್ಬು ವರ್ಷಕ್ಕೆ ಸುಮಾರು 1,500 ಮಿ.ಮೀ. ಎಳೆದರೆ, ಅದರಲ್ಲಿ 500 ಮಳೆಯದ್ದು ಅಂತ ಕಳೆದರೂ 1,000 ಮಿ.ಮೀ. ಅಂತರ್ಜಲದ್ದು. ಎಕರೆ ಗುಂಡಿಯ ನಷ್ಟ 1,010. ಹೆಚ್ಚು ಕಡಿಮೆ ಸಮ. ಒಂದು ಎಕರೆ ಗುಂಡಿ ತೆರೆದಿಡಬೇಕಾದರೆ ಒಂದು ಎಕರೆ ಬೋರ್ ಕಬ್ಬು ನಿಲ್ಲಿಸಿ ಮಳೆಯಾಶ್ರಿತ ರಾಗಿಗೋ ಹುರುಳಿಗೋ ಬರಬೇಕು, ರೈತನಿಗೆ ಅದರ ವ್ಯತ್ಯಾಸವನ್ನು ಗುತ್ತಿಗೆದಾರರು ವರ್ಷಾವರ್ಷ ಕಟ್ಟಿಕೊಡಬೇಕು. ರೈತ ಒಪ್ಪಿದರೆ ಮಾತ್ರ, ಲಿಖಿತ ಕರಾರಿನ ಮೇಲೆ.

ನಾಲೆ ನೀರಿನ ಕಬ್ಬು ನಿಲ್ಲಿಸಿದರೆ ಲೆಕ್ಕಕ್ಕೆ ಬರಲ್ಲ, ಆ ನೀರು ಮುಂದಿನ ತೂಬಿಗೆ ಹೋಗುತ್ತೆ. ಜಮೀನು ಅದೇ ಹಳ್ಳದ ಜಲಾನಯನದಲ್ಲಿ, ಗುಂಡಿಗೆ ಹತ್ತಿರ ಇರಬೇಕು. ಮದ್ದೂರಲ್ಲಿ ಉಳಿಸಿ ಮಂಡ್ಯದಲ್ಲಿ ಖರ್ಚು ಬರೆಯೋ ಹಾಗಿಲ್ಲ. ಬೋರ್‌ನ ಸ್ಟಾರ್ಟರ್‌ಗೆ ಸೀಲ್ ಮಾಡಬೇಕು. ಐಪಿ ಸೆಟ್‌ಗೆ (ಕೃಷಿ ಪಂಪ್) ಕರೆಂಟ್ ಬಿಲ್ ನೋಡಿ ಪತ್ತೆ ಹಚ್ಚೋಕೆ ಆಗಲ್ಲ, ಅದಕ್ಕೆ ಡೆಲಿವರಿ ಪೈಪ್‌ಗೆ ನೀರಿನ ಮೀಟರ್ ಹಾಕಿ. ನೀರಿನ ಮಟ್ಟ ನೆಲದಿಂದ 2 ಮೀಟರ್ ಒಳಗಿದ್ದರೆ ಬೀಳು ಬಿಟ್ಟ ಗದ್ದೆಯ ಹುಲ್ಲು, ಗಿಡ ಬೇರಿಳಿಸಿ ಎಳೆಯುತ್ತಲೇ ಇರುತ್ತೆ, ಅಂಥ ಜಮೀನಿಗೆ ಪೂರ್ತಿ ಜಮಾ ಕೊಡಬೇಡಿ.

#16 ಜಲ್ಲಿ ಯೂನಿಟ್

ಗುಂಡಿಯನ್ನೇ ಅಂತರ್ಜಲದಿಂದ ಬೇರೆ ಮಾಡಿಬಿಟ್ಟರೆ? ತಳ, ದಡಕ್ಕೆ ಗೋಡು ಮಣ್ಣು ಹಾಕಿ ಗಟ್ಟಿ ಮಾಡೋದು. ಆಮೇಲೆ ಅದು ಕೃಷಿ ಹೊಂಡ ಇದ್ದ ಹಾಗೆ.

#17 ಕಲ್ಲುಪದರ

ವಿಚಾರ ಸರಿಯಾದದ್ದೇ. ಕೊಲೊರಾಡೊದಲ್ಲಿ ಸೌತ್ ಪ್ಲ್ಯಾಟ್ ನದಿ ಪಕ್ಕದ ಎಷ್ಟೋ ಗುಂಡಿಗಳಿಗೆ ಸುತ್ತ ಬೆಂಟೊನೈಟ್ (ನೀರಿಗೆ ಉಬ್ಬುವ ಜೇಡಿ) ಗೋಡೆಯನ್ನು ಕೆಳಗಿನ ಬಂಡೆವರೆಗೆ ಇಳಿಸಿ ಊರುಗಳ ನೀರಿನ ತೊಟ್ಟಿ ಮಾಡಿಕೊಂಡಿದ್ದಾರೆ.

ಇಲ್ಲಿ ಬರೀ ತಳಕ್ಕೆ ಗೋಡು ಹಾಕಿದರೆ ಏನಾಗುತ್ತೆ ಅಂತ ಹೇಳ್ತೀನಿ. 60 ಸೆಂ.ಮೀ. ದಪ್ಪ ಜೇಡಿಯ ತೂಕ ಚದರ ಮೀಟರ್‌ಗೆ ಸುಮಾರು 1.2 ಟನ್. ನಾಲೆಗೆ ನೀರು ಬಿಟ್ಟಾಗ ಹೊರಗಡೆ ಅಂತರ್ಜಲ ಏರುತ್ತೆ. ಗುಂಡಿ ಖಾಲಿ ಇದ್ದು, ಜೇಡಿಯ ತಳಕ್ಕಿಂತ ಹೊರಗಿನ ನೀರು 1.5 ಮೀಟರ್ ಎತ್ತರ ಬಂದರೆ ಕೆಳಗಿಂದ ಒತ್ತಡ 1.5 ಟನ್. ಜೇಡಿ ಹಪ್ಪಳದ ಹಾಗೆ ಉಬ್ಬಿ ಒಡೆಯುತ್ತೆ. ವಿ.ಸಿ. ಅಚ್ಚುಕಟ್ಟಿನಲ್ಲಿ ಇದು ಖಂಡಿತ ಎದುರಾಗೋ ಸಮಸ್ಯೆ. ಹಾಗಾಗಿ ತಳದ ಲೈನಿಂಗ್‌ಗಿಂತ ಸುತ್ತ ಬಂಡೆವರೆಗೆ ಇಳಿದ ಕಲಸಿದ ಜೇಡಿಯ ಗೋಡೆ ಮೇಲು, ಅದೂ ಬಂಡೆ 6–8 ಮೀಟರ್‌ನಲ್ಲಿ ಸಿಕ್ಕಿ, ಬಂಡೆ ಶಿಥಿಲವಾಗಿರದಿದ್ದರೆ. ಶಿಥಿಲ ನೈಸ್ ಮೇಲೆ ಗೋಡೆ ಕೂರಿಸಿದರೆ ನೀರು ಕೆಳಗಿಂದ ನುಸುಳುತ್ತೆ. ಲೈನಿಂಗ್ ಆಯಿತು ಅಂತ ಲೆಕ್ಕದಿಂದ ಹೆಸರು ತೆಗೆಯುವ ಮೊದಲು ನೀರು ಹೊರಹಾಕಿ, ಒಳಗೆ ಎಷ್ಟು ಜಿನುಗುತ್ತೆ ಅಂತ ವಾರಗಟ್ಟಲೆ ಅಳೆದು ನೋಡಲೇಬೇಕು.

#18 ಕಬ್ಬಿನ ಗದ್ದೆ

ತೇಲುವ ಸೋಲಾರ್, ನೀರಿನ ಮೇಲೆ ರಾಸಾಯನಿಕ ಪೊರೆ, ಇವೆಲ್ಲ?

#19 ಮಿಲಿಮೀಟರ್

ತೇಲುವ ಸೋಲಾರ್ ಮುಚ್ಚಿದಷ್ಟು ಭಾಗದ ಆವಿ ಬಹುಪಾಲು ತಪ್ಪಿಸುತ್ತೆ, ಆದರೆ ನೀರಿನ ಮಟ್ಟ ಏರಿಳಿಯುವ ಗುಂಡಿಗೆ ಲಂಗರು ಸರಿಯಾಗಿ ಕಟ್ಟಬೇಕು. ಸೀಟೈಲ್ ಆಲ್ಕೋಹಾಲ್ ಪೊರೆ ಗಾಳಿಗೆ ದಡಕ್ಕೆ ಸರಿದುಬಿಡುತ್ತೆ, ಎರಡು ಮೂರು ದಿನಕ್ಕೊಮ್ಮೆ ಹಾಕುತ್ತಲೇ ಇರಬೇಕು. ನಮ್ಮ ಬಯಲು ಗಾಳಿಗೆ ಅದು ಬೇಡ.

#20 ನೀರುಗಂಟಿ

ಒಂದು ಆಕ್ಷೇಪ ಬರುತ್ತೆ, ಮುಂಚೆಯೇ ಹೇಳಿಬಿಡ್ತೀನಿ. "ನಾಲೆ ಬಸಿದು ಇಲ್ಲಿ ನೀರು ತುಂಬಿ ತುಳುಕುತ್ತೆ, ಗುಂಡಿಯಿಂದ ಯಾರಿಗೆ ನಷ್ಟ?" ನಾಲೆ ಹರಿಯುವ ತಿಂಗಳುಗಳಲ್ಲಿ ಇದರಲ್ಲಿ ಸತ್ಯ ಇದೆ, ಆಗ ಬಾವಿಗಳಿಗೆ ತೊಂದರೆ ಕಾಣಲ್ಲ. ಕಡಿಮೆಯಾಗೋದು ಹಳ್ಳದ ಬಸಿ ನೀರು. ಆ ಬಸಿ ನೀರನ್ನೇ ಕೆಳಗಿನ ಊರಿನವರು ಪಂಪ್ ಹಾಕಿ ಎತ್ತುತ್ತಾರೆ. ನಾಲೆ ನಿಂತಮೇಲೆ ಜನವರಿಯಿಂದ ಮೇವರೆಗೆ ಹೊಡೆತ ಬಾವಿಗೆ.

#21 ಕಲ್ಲುಪದರ

ಅದಕ್ಕೆ ಸೇರಿಸಿ, ಹೊಡೆತ ಅದೇ ದಿನ ಹಳ್ಳಕ್ಕೆ ತಲುಪಲ್ಲ. ದೂರದ ವರ್ಗವನ್ನು ಪದರದ ನೀರು ಬಿಡುವ ಗುಣದಿಂದ ಗುಣಿಸಿ, ನೀರು ಸಾಗಿಸುವ ಗುಣದಿಂದ ಭಾಗಿಸಿದರೆ ಒಂದು ದಿನಸಂಖ್ಯೆ ಸಿಗುತ್ತೆ. ಹಳ್ಳ 300 ಮೀಟರ್ ದೂರ, ನೀರು ಬಿಡುವಿಕೆ 0.15, ಸಾಗಣೆ ದಿನಕ್ಕೆ 200 ಚದರ ಮೀಟರ್ ಆದರೆ 67 ದಿನ. ಅಷ್ಟು ದಿನವಾದಾಗಲೂ ಒಟ್ಟು ನಷ್ಟದ 28 ಶೇಕಡಾ ಮಾತ್ರ ಹಳ್ಳದಲ್ಲಿ ಕಂಡಿರುತ್ತೆ, ಉಳಿದದ್ದು ಆಮೇಲೆ. ಮಾರ್ಚ್‌ನ ಆವಿಯ ಪೆಟ್ಟು ಜೂನ್, ಜುಲೈವರೆಗೆ ಎಳೆಯುತ್ತೆ. ಗುತ್ತಿಗೆ ಮುಗಿದ ದಿನವೇ ಬದಲಿ ನೀರಿನ ಹೊಣೆ ಮುಗಿಯಿತು ಅಂತ ಬರೆಯೋಕೆ ಬಿಡಬೇಡಿ. ಮುಚ್ಚಿದ ನಂತರ ಕನಿಷ್ಠ ಎರಡು ಬೇಸಿಗೆ ಅಳತೆ ಮತ್ತು ಹೊಣೆ ಮುಂದುವರಿಯಬೇಕು. ಅದಕ್ಕೆ ಠೇವಣಿ ಇರಬೇಕು.

ಇದನ್ನೆಲ್ಲಾ ಗಣಿ ಯೋಜನೆ ಮತ್ತು ಮುಚ್ಚುವ ಯೋಜನೆಯೊಳಗೆ ತಿಂಗಳವಾರು ಪಟ್ಟಿಯಾಗಿ ಸೇರಿಸಲು ಗ್ರಾಮಸಭೆಯ ಠರಾವಿನ ಜೊತೆ ಬರವಣಿಗೆಯಲ್ಲಿ ಕೇಳಿ. ಪ್ರತಿಯನ್ನು ಗಣಿ ಮತ್ತು ಭೂವಿಜ್ಞಾನ ಇಲಾಖೆಗೆ, ಜಿಲ್ಲಾ ಅಂತರ್ಜಲ ಕಚೇರಿಗೆ ಕೊಡಿ. ರಾಜ್ಯದಲ್ಲಿ 2011ರ ಅಂತರ್ಜಲ ಕಾಯ್ದೆ ಇದೆ, ಅದನ್ನು ಪತ್ರದಲ್ಲಿ ಉಲ್ಲೇಖಿಸಿ. ಬೇಬಿ ಬೆಟ್ಟದ ಕಲ್ಲು ಗಣಿ ಸ್ಫೋಟದಿಂದ ಕೆಆರ್‌ಎಸ್ ಅಣೆಕಟ್ಟಿಗೆ ಅಪಾಯ ಅನ್ನೋ ವಿಷಯ ಇದಕ್ಕೆ ಬೆರೆಸಬೇಡಿ, ಆವಿಯ ಲೆಕ್ಕ ಅದರಲ್ಲಿ ಮುಳುಗಿಹೋಗುತ್ತೆ.

#22 ಹಳ್ಳದ ದಂಡೆ

ಎಲ್ಲರಿಗೂ ನಮಸ್ಕಾರ. ಈ ವಾರ ಅಳತೆ ಶುರು ಮಾಡ್ತಿದ್ದೇವೆ. ಪಟ್ಟಿ ಎಲ್ಲಿ ನಿಲ್ಲಿಸಬೇಕು? ದಡದಲ್ಲಿ ಅಲೆ ಬಡಿದು ಓದು ನಿಲ್ಲಲ್ಲ.

#23 ಮಿಲಿಮೀಟರ್

110 ಮಿ.ಮೀ. ಪಿವಿಸಿ ಪೈಪ್, 3 ಮೀಟರ್ ಉದ್ದ. ಕೆಳಗಿನ ಒಂದು ಮೀಟರ್‌ಗೆ 3 ಮಿ.ಮೀ. ತೂತು ಹತ್ತು ಹನ್ನೆರಡು ಸಾಕು. ತೂತು ಹೆಚ್ಚಾದರೆ ಅಲೆ ಒಳಗೂ ಬರುತ್ತೆ. ತುದಿಗೆ ಎಂಡ್ ಕ್ಯಾಪ್ ಹಾಕಿ, ಕಬ್ಬಿಣದ ಆಂಗಲ್‌ಗೆ ಕಟ್ಟಿ ನೀರು 2 ಮೀಟರ್ ಆಳ ಇರುವ ಕಡೆ ಹೂಡಿ. ದಡಕ್ಕೆ ಹತ್ತಿರ ನಿಲ್ಲಿಸಿದರೆ ಏಪ್ರಿಲ್‌ನಲ್ಲಿ ಪೈಪ್ ಒಣ ನೆಲದ ಮೇಲೆ ನಿಂತಿರುತ್ತೆ. ಪೈಪ್ ಬಾಯಿಯಿಂದ ನೀರಿಗೆ ಸ್ಟೀಲ್ ಸ್ಕೇಲ್ ಇಳಿಸಿ ಓದಿ. ಸ್ಕೇಲ್‌ಗೆ ಸೀಮೆಸುಣ್ಣ ಉಜ್ಜಿದರೆ ಒದ್ದೆ ಗೆರೆ ಮಿಲಿಮೀಟರ್‌ವರೆಗೆ ಸ್ಪಷ್ಟ ಕಾಣುತ್ತೆ. ಪೈಪ್ ಬಾಯಿಯ ಎತ್ತರವನ್ನು ಆಟೋ ಲೆವೆಲ್‌ನಿಂದ ಬಾವಿ ಕಟ್ಟೆಗಳ ಅದೇ ಗುರುತಿನಿಂದ ಅಳೆದಿಡಿ, ದನ ಉಜ್ಜಿ ವಾಲಿಸಿದರೆ ಗೊತ್ತಾಗಲಿ.

ಓದೋದು ಬೆಳಿಗ್ಗೆ 6ಕ್ಕೆ, ಸಂಜೆ 6ಕ್ಕೆ. ಮಳೆಗೆ ನಿಮ್ಮ ಪಂಚಾಯಿತಿಯ ಟೆಲಿಮೆಟ್ರಿಕ್ ಮಾಪಕದ ಅಂಕಿ ಹಾಕಿ. ನೀರಿನ ಹರವು ತಿಂಗಳಿಗೊಮ್ಮೆ ಜಿಪಿಎಸ್ ಹಿಡಿದು ದಡ ಸುತ್ತಿ ಅಳೆಯಿರಿ, ಮಟ್ಟ ಇಳಿದಾಗ ಹರವೂ ಕಿರಿದಾಗುತ್ತೆ, 10,117 ಚದರ ಮೀಟರ್ ವರ್ಷವಿಡೀ ಹಾಗೇ ಇರಲ್ಲ. ಮೂರು ಬಾವಿಯ ಮಟ್ಟ, ಟಿಡಿಎಸ್ ಹದಿನೈದು ದಿನಕ್ಕೊಮ್ಮೆ, ಪುಸ್ತಕದಲ್ಲಿ ಪೆನ್ನಿನಿಂದ, ತಿದ್ದಿದರೆ ಪಕ್ಕದಲ್ಲಿ ಸಹಿ. ಮೊದಲ ಹದಿನೈದು ದಿನದ ಓದು ಇಲ್ಲಿ ಹಾಕಿ, ಆವಿ ಎಷ್ಟು, ಒಳಹರಿವು ಎಷ್ಟು ಅಂತ ಬಿಡಿಸಿ ಕೊಡ್ತೀನಿ.